ಕಲ್ಲಿಗೆ ಕೊಟ್ಟೆವು, ಕಲಿಕೆಗೆ?

ಕಳೆದ ಬಾರಿ ಊರಿಗೆ ಹೋದಾಗ, ಎಂ.ಬಿ.ಬಿ.ಎಸ್. ಓದಿದ ಕಾಲೇಜಿಗೂ ಹೋಗಿ ಬಂದೆ. ಅಮೆರಿಕದಲ್ಲಿರುವ ನಮ್ಮ ಬ್ಯಾಚಿನವರು ಹಣ ಕೂಡಿಸಿ ಕಟ್ಟಿಸಿದ ಸಭಾಂಗಣದ ಗೋಡೆಯಲ್ಲಿ, ಗ್ರಾನೈಟ್ ಕಲ್ಲಿನ ಮೇಲೆ ನಮ್ಮೆಲ್ಲರ ಹೆಸರಿತ್ತು. ನನ್ನ ಹೆಸರನ್ನು ಹುಡುಕಿ ಓದಿಕೊಂಡೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಆಮೇಲೆ ಮೆಡಿಸಿನ್ ವಿಭಾಗದ ಅಧ್ಯಾಪಕಿಯೊಬ್ಬರು ಸಿಕ್ಕರು. ವಾರ್ಡಿನಲ್ಲಿ ಪಾಠ ಮಾಡುವ ರೀತಿಯನ್ನು ಬದಲಿಸಿದರೆ ವಿದ್ಯಾರ್ಥಿಗಳು ರೋಗಿಯನ್ನು ಇನ್ನೂ ಚೆನ್ನಾಗಿ ಪರೀಕ್ಷಿಸಬಲ್ಲರೇ ಎಂದು ಎರಡು ವರ್ಷ ಅಳೆದು ನೋಡುವ ಆಸೆ ಅವರಿಗೆ. ಬೇಕಿದ್ದದ್ದು ಒಬ್ಬ ಸಹಾಯಕನ ಸಂಬಳ, ವಾರಕ್ಕೊಂದು ದಿನದ ಬಿಡುವು. "ಇದಕ್ಕೆಲ್ಲ ಯಾರು ದುಡ್ಡು ಕೊಡ್ತಾರೆ ಸರ್?" ಎಂದು ನಕ್ಕರು. ಆ ಸಭಾಂಗಣದ ಕುರ್ಚಿಗಳ ಖರ್ಚೇ ಅದಕ್ಕಿಂತ ಹೆಚ್ಚಿತ್ತು.

ಪ್ರಯೋಗಕ್ಕೆ ಒಳಪಡದ ಮಾತ್ರೆಯನ್ನು ರೋಗಿಗೆ ಕೊಡಲು ನಾವು ವೈದ್ಯರು ಒಪ್ಪುವುದಿಲ್ಲ. ಆದರೆ ಆ ಮಾತ್ರೆ ಬರೆಯುವವನನ್ನು ತಯಾರಿಸುವ ವಿಧಾನಕ್ಕೆ ಪುರಾವೆ ಕೇಳುವುದಿಲ್ಲ. ನಮ್ಮ ಮೇಷ್ಟ್ರು ಬೈದು ಕಲಿಸಿದರು, ನಾವೂ ಬೈದು ಕಲಿಸುತ್ತೇವೆ. ಇದಕ್ಕೆ ಪರಂಪರೆ ಎಂಬ ಹೆಸರು ಬೇರೆ.

ಭಾರತದಲ್ಲಿ 2019ರಿಂದ ಎಂ.ಬಿ.ಬಿ.ಎಸ್.ಗೆ ಸಾಮರ್ಥ್ಯ ಆಧಾರಿತ ಹೊಸ ಪಠ್ಯಕ್ರಮ ಬಂದಿದೆ. ಅದು ಫಲ ಕೊಟ್ಟಿತೇ ಎಂದು ಅಳೆಯಲು ಅಧ್ಯಾಪಕರಿಗೆ ಸಮಯವೂ ಬೇಕು, ಹಣವೂ ಬೇಕು. ಎರಡನ್ನೂ ಕೊಡದೆ, ಬಡ್ತಿಗೆ ಮಾತ್ರ ಸಂಶೋಧನಾ ಪ್ರಬಂಧ ಬೇಕು ಎಂದರೆ ಏನಾಗುತ್ತದೆ? ಕಾಸು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಕೊಬ್ಬುತ್ತವೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತದ 579 ವೈದ್ಯಕೀಯ ಸಂಸ್ಥೆಗಳ ಹತ್ತು ವರ್ಷದ ಲೆಕ್ಕ ತೆಗೆಯಿತು. 332 ಸಂಸ್ಥೆಗಳ ಹೆಸರಿನಲ್ಲಿ ಒಂದೇ ಒಂದು ಪ್ರಬಂಧವೂ ಸಿಗಲಿಲ್ಲ.

ಅಮೆರಿಕವೇನೂ ಸಾಚಾ ಅಲ್ಲ. ರೆಸಿಡೆಂಟ್‌ಗಳ ತರಬೇತಿಗೆಂದು ಮೆಡಿಕೇರ್ ಒಂದೇ ವರ್ಷಕ್ಕೆ 1,000 ಕೋಟಿ ಡಾಲರಿಗೂ ಹೆಚ್ಚು ಕೊಡುತ್ತದೆ. ಆ ತರಬೇತಿ ಸರಿಯಿದೆಯೇ ಎಂದು ಕೇಳುವ ಸಂಶೋಧನೆಗೆ ಮಾತ್ರ ಕೆಲವು ಖಾಸಗಿ ಪ್ರತಿಷ್ಠಾನಗಳ ಮುಂದೆ ಕೈಯೊಡ್ಡಬೇಕು. ಎನ್.ಐ.ಎಚ್.ನ 27 ಸಂಸ್ಥೆ, ಕೇಂದ್ರಗಳಲ್ಲಿ ವೈದ್ಯಕೀಯ ಶಿಕ್ಷಣಕ್ಕೆಂದೇ ಒಂದೂ ಇಲ್ಲ.

ಆದರೆ ಇದೇ ದೇಶ ಹಿಂದೊಮ್ಮೆ ದಾರಿ ತೋರಿಸಿತ್ತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ, ಕೆನಡಾಗಳ 155 ವೈದ್ಯಕೀಯ ಶಾಲೆಗಳ ಹುಳುಕನ್ನು ಬಯಲಿಗಿಟ್ಟರು. ಬರೀ ವರದಿಯಿಂದ ಎಲ್ಲವೂ ಬದಲಾಗಲಿಲ್ಲ. ಅದರ ಬೆನ್ನಿಗೆ ರಾಕ್‌ಫೆಲರ್ ಹಣ ಬಂತು. ಆ ಹಣ ಗೋಡೆಗಳಿಗಷ್ಟೇ ಹೋಗಲಿಲ್ಲ. ಜಾನ್ಸ್ ಹಾಪ್ಕಿನ್ಸ್‌ನಂಥ ಕಡೆ, ಖಾಸಗಿ ಪ್ರಾಕ್ಟೀಸಿನ ಹಂಗಿಲ್ಲದೆ ಪಾಠ ಮತ್ತು ಸಂಶೋಧನೆಗೇ ಮೀಸಲಾದ ಪೂರ್ಣಾವಧಿ ಪ್ರಾಧ್ಯಾಪಕರ ಸಂಬಳಕ್ಕೆ ಹೋಯಿತು. ಅಂದರೆ ಮೇಷ್ಟ್ರ ಸಮಯವನ್ನು ಕೊಂಡುಕೊಟ್ಟಿತು.

"ಹಾಸಿಗೆಗೇ ಗತಿಯಿಲ್ಲದ ಆಸ್ಪತ್ರೆಗೆ ಇದೆಲ್ಲ ಯಾಕೆ?" ಎನ್ನುವವರಿದ್ದಾರೆ. ಹಾಸಿಗೆ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಅದರ ಪಕ್ಕ ನಿಲ್ಲುವ ವೈದ್ಯ ಅರೆಬರೆ ಕಲಿತವನಾದರೆ, ಅಲ್ಲಿ ಮಲಗಿದ ನಮ್ಮ ಅಪ್ಪ ಅಮ್ಮಂದಿರೇ ಅದರ ಬೆಲೆ ತೆರಬೇಕು.

ಗೆಳೆಯರೇ, ಮುಂದಿನ ಪುನರ್ಮಿಲನಕ್ಕೆ ಹಣ ಕೂಡಿಸುವಾಗ ನೂರರಲ್ಲಿ ಹತ್ತನ್ನಾದರೂ ಆ ಅಧ್ಯಾಪಕಿಯಂಥವರ ಸಂಶೋಧನೆಗೆ ಎತ್ತಿಡೋಣ. ಎರಡು ವರ್ಷಕ್ಕೆ ಲೆಕ್ಕವನ್ನೂ ಫಲಿತಾಂಶವನ್ನೂ ಕೇಳೋಣ. ಪ್ರಯೋಗ ಸೋತಿತು ಎಂಬ ಫಲಿತಾಂಶ ಬಂದರೆ ಅದನ್ನೂ ಒಪ್ಪಿಕೊಳ್ಳೋಣ. ಇದಕ್ಕೆ ಕಲ್ಲಿನ ಮೇಲೆ ಹೆಸರು ಬರುವುದಿಲ್ಲ. ನನ್ನ ಹೆಸರಂತೂ ಈಗಾಗಲೇ ಅಲ್ಲಿದೆ, ಒಂದು ಸಾಕು.