ಡ್ರಿಪ್‌ಗೆ ಹೋಗೋ ನೀರು ಟೆಸ್ಟ್ ಆಗುತ್ತೆ, ಮಕ್ಕಳ ಲೋಟಕ್ಕೆ ಬರೋದು?

ಬೋರ್ ಕೊರೆಸಿದಾಗ ಎಲ್ಲರೂ ಕೇಳೋ ಮೊದಲ ಪ್ರಶ್ನೆ, 'ಎಷ್ಟು ಇಂಚು ನೀರು ಬಂತು?' ಕೆಲವರು ಡ್ರಿಪ್ ಹಾಕೋ ಮೊದಲು ಪಿಎಚ್, ಇಸಿ ಟೆಸ್ಟ್ ಮಾಡಿಸ್ತಾರೆ. ಒಳ್ಳೇದೇ. ಆದರೆ ಬೇಸಾಯದ ಮಾಮೂಲಿ ಟೆಸ್ಟ್‌ನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಇರಲ್ಲ. ತೋಟದ ಮನೆಯವರು ಕುಡಿಯೋದು ಮಾತ್ರ ಅದೇ ಬೋರ್ ನೀರು.

ಇದು ನಮಗೆ ಯಾಕೆ ಮುಖ್ಯ? ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ. ಇಲ್ಲಿನ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು 'ಕ್ಲೋಸ್‌ಪೇಟೆ ಗ್ರಾನೈಟ್' ಅಂತಲೇ ಹೆಸರಿಟ್ಟಿದ್ದಾರೆ. ಗ್ರಾನೈಟ್‌ನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತೆ. ಆಳದಲ್ಲಿ ನೀರು ಬಹುಕಾಲ ಕಲ್ಲಿನ ಜೊತೆ ನಿಂತಷ್ಟೂ ಅದು ನೀರಿಗೆ ಬಿಡುತ್ತೆ. ಹಾಗಂತ ಮಾಗಡಿ, ಕನಕಪುರ, ಚನ್ನಪಟ್ಟಣದ ಎಲ್ಲಾ ಬೋರೂ ಕೆಟ್ಟಿದೆ ಅಂತಲ್ಲ. ಪಕ್ಕಪಕ್ಕದ ಎರಡು ಬೋರ್‌ಗಳಲ್ಲೇ ವ್ಯತ್ಯಾಸ ಇರಬಹುದು. ಬಣ್ಣ, ರುಚಿ, ವಾಸನೆಯಿಂದ ಗೊತ್ತಾಗಲ್ಲ.

ಫ್ಲೋರೈಡ್ ಸಿಕ್ಕಿದರೆ ಹೊಳಪು ಬದಲಿಸೋ ನ್ಯಾನೋ ಕಣಗಳ ಬಗ್ಗೆ ವಿಜ್ಞಾನಿಗಳು ಕೆಲಸ ಮಾಡ್ತಿದ್ದಾರೆ. ದೇಹದಲ್ಲಿ ಹೆಚ್ಚಾದ ಫ್ಲೋರೈಡನ್ನು ಪತ್ತೆಹಚ್ಚಿ, ಅಲ್ಲೇ ಹಿಡಿದುಹಾಕೋದು ಗುರಿ. ಸಂತೋಷದ ವಿಷಯವೇ. ಆದರೆ ಅದು ಇನ್ನೂ ಲ್ಯಾಬ್‌ನ ಮಾತು, ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗೋ ಔಷಧಿ ಅಲ್ಲ. ಹಲ್ಲು ಮೂಡೋ ವಯಸ್ಸಲ್ಲಿ ಬಿದ್ದ ಕಲೆ ತಾನಾಗಿ ಹೋಗಲ್ಲ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದು ಬಾಗಿದ ಮೂಳೆ ಮತ್ತೆ ನೆಟ್ಟಗಾಗಲ್ಲ. ಹಾಗಾಗಿ ನನ್ನ ಪ್ರಕಾರ ಇವತ್ತಿನ ದೊಡ್ಡ ಚಿಕಿತ್ಸೆ ಅಂದ್ರೆ ನೀರು ಬದಲಾಯಿಸೋದು.

ಅದಕ್ಕೆ ಮೊದಲು ಟೆಸ್ಟ್. ಜಲ ಜೀವನ್ ಮಿಷನ್‌ನಡಿ ಗ್ರಾಮ ಪಂಚಾಯಿತಿಗಳಿಗೆ ಫೀಲ್ಡ್ ಟೆಸ್ಟ್ ಕಿಟ್ ಕೊಡೋ ವ್ಯವಸ್ಥೆ ಇದೆ, ಹೋಗಿ ಕೇಳಿ. ಕಿಟ್‌ನಲ್ಲಿ ಅನುಮಾನ ಬಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್‌ಗೆ ಕೊಡಿ. ಮೋಟಾರು ಸ್ವಲ್ಪ ಹೊತ್ತು ಓಡಿಸಿ, ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹಿಡೀರಿ. ಬೇಸಿಗೆಯಲ್ಲಿ ಒಂದ್ಸಲ, ಮಳೆಗಾಲ ಮುಗಿದ ಮೇಲೆ ಒಂದ್ಸಲ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅನ್ನುತ್ತೆ ಭಾರತೀಯ ಮಾನದಂಡ.

ಹೆಚ್ಚು ಬಂದರೆ ಕಾಯಿಸಿ ಕುಡಿದರೆ ಸಾಕು ಅನ್ಕೋಬೇಡಿ. ಕಾಯಿಸಿದರೆ ನೀರು ಆವಿಯಾಗುತ್ತೆ, ಫ್ಲೋರೈಡ್ ಉಳಿಯುತ್ತೆ. ಆರ್‌ಒ ನೀರು ತನ್ನಿ, ಇಲ್ಲವೇ ಸೂರಿನ ಮಳೆನೀರನ್ನು ಶುದ್ಧವಾಗಿ ಹಿಡಿದು ಕುಡಿಯೋಕೆ, ಅಡುಗೆಗೆ ಇಟ್ಟುಕೊಳ್ಳಿ. ಮನೇಲಿ ಆರ್‌ಒ ಇದ್ದರೆ ಅದು ಹೊರಹಾಕೋ ನೀರನ್ನು ಸೀಮೆಹಸುವಿಗೆ ಇಡಬೇಡಿ. ಅದರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರುತ್ತೆ, ದನಕ್ಕೂ ಹಲ್ಲು ಸವೆದು ಕಾಲು ಕುಂಟಾಗುತ್ತೆ.

ರಿಪೋರ್ಟ್ ಬಂದ ಮೇಲೆ ಫೋಟೋ ತೆಗೆದು, ಬೋರ್‌ನ ಆಳ, ತಾರೀಖು ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿ. ಹತ್ತು ಮನೆಯ ರಿಪೋರ್ಟ್ ಸೇರಿದರೆ ಗ್ರಾಮಸಭೆಯಲ್ಲಿ ಶುದ್ಧ ನೀರಿನ ಘಟಕ ಕೇಳೋಕೆ ಕೈಯಲ್ಲಿ ದಾಖಲೆ ಇರುತ್ತೆ.