ಚರ್ಮದ ಕೆಲಸಕ್ಕೆ ಎಷ್ಟು ಜಾಗ ಬೇಕು?

"ಮನೇಲೇ ಚರ್ಮದ ಕೆಲಸ ಮಾಡ್ತೀರಂತೆ, ಅದಕ್ಕೆ ಜಾಗ ಎಲ್ಲಿಂದ ತರ್ತೀರಿ ಮಾರಾಯ್ರೇ?" ನನ್ನ ಪರ್ಸು, ಬೆಲ್ಟು ನೋಡಿದವರೆಲ್ಲ ಕೇಳೋ ಪ್ರಶ್ನೆ ಇದು. ಕೇಳೋದ್ರಲ್ಲಿ ತಪ್ಪೇನಿಲ್ಲ. ನಾವಿರೋದು ಬೆಂಗಳೂರಿನಲ್ಲಿ, ಎರಡನೇ ಮಹಡಿಯ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಅದರಲ್ಲಿ ನಾನು, ಹೆಂಡತಿ, ಅಮ್ಮ, ಒಂದು ವಾಷಿಂಗ್ ಮಷೀನು, ಮತ್ತೆ ಯಾವತ್ತೋ ಓದ್ತೀನಿ ಅಂತ ತಂದಿಟ್ಟ ಪುಸ್ತಕಗಳು. ಇದರ ಮಧ್ಯೆ ವರ್ಕ್‌ಶಾಪ್ ಅಂದ್ರೆ ಯಾರಿಗಾದ್ರೂ ನಗು ಬರುತ್ತೆ.

ಯೂಟ್ಯೂಬ್ ನೋಡಿದ್ರಂತೂ ಆಸೆ ಅಲ್ಲೇ ಸತ್ತುಹೋಗುತ್ತೆ. ಅಮೆರಿಕಾದವನೊಬ್ಬ ಕಾರು ನಿಲ್ಲಿಸೋ ಗ್ಯಾರೇಜಿನ ತುಂಬ ಎದೆಮಟ್ಟದ ಮೇಜು ಹಾಕಿಕೊಂಡಿರ್ತಾನೆ. ಗೋಡೆ ತುಂಬ ಸಾಲಾಗಿ ನೇತುಹಾಕಿದ ಸಲಕರಣೆ. "ಸಣ್ಣ ಜಾಗದಲ್ಲಿ ಚರ್ಮದ ಕೆಲಸ" ಅಂತ ಅವನು ತೋರಿಸೋ ಜಾಗ ನಮ್ಮ ಹಾಲಿಗಿಂತ ದೊಡ್ಡದು!

ನನ್ನ ವಾದ ಇಷ್ಟೇ. ಸಣ್ಣ ಜಾಗದಲ್ಲಿ ಚರ್ಮದ ಕೆಲಸ ಹೇಗೆ ಮಾಡೋದು ಅನ್ನೋ ಪ್ರಶ್ನೆಗೆ ನಮ್ಮ ಊರಲ್ಲೇ ಎಂದೋ ಉತ್ತರ ಸಿಕ್ಕಿದೆ. ಉತ್ತರ ಗೊತ್ತಿರೋರು ಬಸ್‌ಸ್ಟಾಪಿನ ಪಕ್ಕ ಕೊಡೆ ಬಿಚ್ಚಿಕೊಂಡು ಕೂತಿದ್ದಾರೆ. ನಾವು ಅವರನ್ನು ದಾಟಿಕೊಂಡು ಬಂದು ಮನೇಲಿ ವಿಡಿಯೋ ನೋಡ್ತೀವಿ.

ಮುಂದಿನ ಸಲ ಚಪ್ಪಲಿ ಹೊಲಿಸೋವಾಗ ಫೋನು ಜೇಬಲ್ಲಿಟ್ಟು ಐದು ನಿಮಿಷ ಸುಮ್ಮನೆ ನೋಡಿ. ಮೂರಡಿಗೆ ಮೂರಡಿ ಜಾಗ. ಎದುರಿಗೆ ಚರ್ಮ ಇಟ್ಟು ಕತ್ತರಿಸೋ ಕಲ್ಲು. ಚಪ್ಪಲಿ ಕವುಚಿ ಹಾಕೋ ಮೂರು ಕಾಲಿನ ಕಬ್ಬಿಣ. ಚರ್ಮ ನೆನೆಸೋಕೆ ಒಂದು ಡಬ್ಬಿ ನೀರು. ಮೊಳೆ, ದಾರ, ಮೇಣ ಎಲ್ಲ ಒಂದು ಮರದ ಪೆಟ್ಟಿಗೇಲಿ. ಯಾವುದಕ್ಕೂ ಎದ್ದು ನಿಲ್ಲೋ ಹಾಗಿಲ್ಲ, ಎಲ್ಲಾ ಕೈಗೆ ಎಟುಕುತ್ತೆ. ಹಿಡಿಕೆ ಬೇಕಾದ್ರೆ ಕಾಲಿನ ಹೆಬ್ಬೆರಳಿದೆ, ಮಂಡಿ ಇದೆ. ಸಂಜೆ ಪೆಟ್ಟಿಗೆ ಮುಚ್ಚಿದ್ರೆ ಅಂಗಡಿಯೇ ಮಾಯ. ಇದಕ್ಕಿಂತ ಚೊಕ್ಕವಾದ ವರ್ಕ್‌ಶಾಪ್ ಪ್ಲ್ಯಾನು ನಾನಂತೂ ಎಲ್ಲೂ ನೋಡಿಲ್ಲ.

ನನ್ನದು ಅದರದ್ದೇ ನಕಲು. ಹಾಲಿನ ಕಿಟಕಿ ಕೆಳಗೆ ಒಂದು ಚಾಪೆ, ಅದರ ಮೇಲೆ ಅಜ್ಜನ ಕಾಲದ ಇಳಿಜಾರು ಡೆಸ್ಕು, ಅದೇ ಗುಮಾಸ್ತರು ಕೂತು ಲೆಕ್ಕ ಬರೀತಿದ್ದ ಪೆಟ್ಟಿಗೆ. ಮುಚ್ಚಳದ ಮೇಲೆ ಕತ್ತರಿಸೋದು, ಒಳಗೆ ಸಲಕರಣೆ ಇಡೋದು. ನೆಲದ ಮೇಲೆ ಕೂತು ಮಾಡೋದ್ರಿಂದ ಕುರ್ಚಿ, ಮೇಜು, ಅವು ತಿನ್ನೋ ಜಾಗ ಎಲ್ಲಾ ಉಳೀತು. ನೆಲದಷ್ಟು ಅಲುಗಾಡದ ಮೇಜು ಯಾವ ಕಂಪನಿಯೂ ಮಾಡಲ್ಲ. ಬೆನ್ನು ನೋಯೋರು ಒಂದು ಗಿಡ್ಡ ಸ್ಟೂಲು ಇಟ್ಟುಕೊಳ್ಳಿ.

ಹೊಸದಾಗಿ ಶುರು ಮಾಡೋರಿಗೆ ಅಂತ ಒಂದಷ್ಟು ವಿವರ ಕೊಡ್ತೀನಿ.

ಮೊದಲು ಚರ್ಮ. ಹಸುವಿನ ಅರ್ಧ ತೊಗಲು ಅಂದ್ರೆ ಇಪ್ಪತ್ತು ಚದರಡಿ ದಾಟುತ್ತೆ, ಅದನ್ನು ಬಿಚ್ಚಿ ಹಾಸೋಕೂ ನಮ್ಮ ಹಾಲಲ್ಲಿ ಆಗಲ್ಲ. ಅದಕ್ಕೇ ತುಂಡು ಚರ್ಮ ತಗೊಳ್ಳಿ. ಚೀಲ, ಬೆಲ್ಟು ಮಾಡೋ ಯೂನಿಟ್ಟುಗಳಲ್ಲಿ ಉಳಿದ ತುಂಡು ಕೇಳಿದ್ರೆ ಕೊಡ್ತಾರೆ. ಪರ್ಸಿಗೆ ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪ ಸಾಕು, ಬೆಲ್ಟಿಗೆ ಮೂರರಿಂದ ನಾಲ್ಕು ಬೇಕು. ಕ್ರೋಮ್‌ನಲ್ಲಿ ಹದ ಮಾಡಿದ ಚರ್ಮ ಮೆತ್ತಗಿರುತ್ತೆ, ಚೀಲಕ್ಕೆ ಚೆನ್ನ. ಆದ್ರೆ ಅಚ್ಚು ಒತ್ತಿದ್ರೆ ಸರಿಯಾಗಿ ಕೂರಲ್ಲ, ಅಂಚು ಉಜ್ಜಿದ್ರೆ ಹೊಳಪು ಬರಲ್ಲ. ಅವೆರಡೂ ಬೇಕಂದ್ರೆ ಜಾಲಿ ತೊಗಟೆ, ಅಳಲೆಕಾಯಿ ಥರದ ಗಿಡಮೂಲದ ವಸ್ತುಗಳಲ್ಲಿ ಹದ ಮಾಡಿದ ಚರ್ಮವೇ ಆಗಬೇಕು.

ಇಡೋದು ಹೇಗೆ? ಮಡಚಬೇಡಿ, ಗೆರೆ ಬೀಳುತ್ತೆ. ನುಣುಪಾದ ಬದಿ ಹೊರಗೆ ಬರೋ ಹಾಗೆ ಸುರುಳಿ ಸುತ್ತಿ, ಹಳೇ ಕಾಟನ್ ಸೀರೆ ತುಂಡಲ್ಲಿ ಸುತ್ತಿ ಬೀರು ಮೇಲಿಡಿ. ಪ್ಲಾಸ್ಟಿಕ್ ಕವರಿಗೆ ಹಾಕಿದ್ರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯೋದು ಗ್ಯಾರಂಟಿ, ಮಲೆನಾಡು ಕರಾವಳಿಯವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಇನ್ನೊಂದು, ಗಿಡಮೂಲದಲ್ಲಿ ಹದ ಮಾಡಿದ ಚರ್ಮ ಒದ್ದೆ ಇರೋವಾಗ ಅದರ ಮೇಲೆ ಕಬ್ಬಿಣ ಇಡಬೇಡಿ. ಚರ್ಮದ ಟ್ಯಾನಿನ್ನು, ಕಬ್ಬಿಣ ಸೇರಿ ಕಪ್ಪು ಕಲೆ ಆಗುತ್ತೆ. ವಿನೆಗರಿನಲ್ಲಿ ಕಬ್ಬಿಣ ನೆನೆಸಿ ಚರ್ಮಕ್ಕೆ ಕಪ್ಪು ಬಣ್ಣ ಕೊಡೋದೂ ಇದೇ ಉಪಾಯದಿಂದ.

ಶಬ್ದ. ಮಹಡಿ ಮನೆಯವರ ನಿಜವಾದ ಸಮಸ್ಯೆ ಜಾಗ ಅಲ್ಲ, ಇದು. ತೂತು ಹೊಡೆಯೋ ಶಬ್ದ ಕೆಳಗಿನವರ ತಲೆ ಮೇಲೇ ಬೀಳುತ್ತೆ. ಗ್ರಾನೈಟ್ ಅಂಗಡೀಲಿ ಸ್ಟವ್ವಿಗೆ, ಸಿಂಕಿಗೆ ಅಂತ ಕೊಯ್ದು ಬಿಸಾಕಿದ ತುಂಡುಗಳಿರ್ತವೆ. ಒಂದಡಿ ಚೌಕದ್ದೊಂದು ತನ್ನಿ, ಕೆಳಗೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕಿ. ಕೋಣೆ ಮಧ್ಯದಲ್ಲಿ ಹೊಡೀಬೇಡಿ, ಅಲ್ಲಿ ಮೋಲ್ಡು ಹೆಚ್ಚು ಅದುರುತ್ತೆ. ಗೋಡೆ ಪಕ್ಕ, ಕೆಳಗೆ ಬೀಮ್ ಇರೋ ಕಡೆ ಕೂತುಕೊಳ್ಳಿ. ಕಬ್ಬಿಣದ ಸುತ್ತಿಗೆ ಬೇಡ, ಮರದ ಕೊಡತಿ ಸಾಕು. ರಾತ್ರಿ ಒಂಬತ್ತಾದ ಮೇಲೆ ಉಳಿಯಿಂದ ಒತ್ತಿ ತೂತು ಮಾಡಿ, ಶಬ್ದವೇ ಇಲ್ಲ. ಹೊಲಿಗೆಗಂತೂ ಮೊದಲೇ ಶಬ್ದ ಇಲ್ಲ. ಒಂದು ದಾರದ ಎರಡು ತುದಿಗೆ ಎರಡು ಸೂಜಿ, ಒಂದೇ ತೂತಲ್ಲಿ ಎದುರುಬದುರಾಗಿ ಎಳೆಯೋದು. ಹೊಲಿಗೆಯ ಉದ್ದದ ನಾಲ್ಕರಷ್ಟು ದಾರ ತಗೊಳ್ಳಿ. ಮಿಷನ್ ಹೊಲಿಗೆ ಒಂದು ಕಡೆ ಹರಿದ್ರೆ ಸರಸರ ಬಿಚ್ಚಿಕೊಳ್ಳುತ್ತೆ, ಇದು ಬಿಚ್ಚಲ್ಲ.

ವಾಸನೆ. ಹದ ಆದ ಚರ್ಮ ನಾರಲ್ಲ, ನಾರೋದು ಸಲ್ಯೂಷನ್ನು. ಅದಕ್ಕೆ ಬೆಂಕಿಯೂ ಬೇಗ ಹತ್ತುತ್ತೆ. ಅಡುಗೆಮನೆ ಹತ್ತಿರ ಅದರ ಡಬ್ಬಿ ತೆಗೀಲೇಬೇಡಿ, ದೇವರ ದೀಪ ಉರೀತಿದ್ರೂ ಬೇಡ. ಕಿಟಕಿ ತೆಗೆದು, ಫ್ಯಾನ್ ಹಾಕಿ, ಬೇಕಾದಷ್ಟೇ ಹಚ್ಚಿ ಮುಚ್ಚಿಬಿಡಿ. ಅಂಚು ಉಜ್ಜೋ ಧೂಳಿನ ಕೆಲಸ ಬಾಲ್ಕನಿಗೆ. ಮಕ್ಕಳಿರೋ ಮನೇಲಿ ಪೆಟ್ಟಿಗೆಗೆ ಬೀಗ ಇರಲೇಬೇಕು.

ಅಲ್ಲಿಗೆ ಜಾಗದ ಪ್ರಶ್ನೆ ಮುಗೀತು. ಚಾಪೆ ಹಾಸಿದ್ರೆ ವರ್ಕ್‌ಶಾಪು, ಸುತ್ತಿಟ್ರೆ ಮತ್ತೆ ಹಾಲು. ಆದ್ರೆ ನಿಜವಾಗಿ ಇಕ್ಕಟ್ಟಾಗಿರೋದು ಮನೆಯಲ್ಲ ಅಂತ ಗೊತ್ತಾಗೋದು ಇದಾದ ಮೇಲೆ.

"ಮನೆಯೊಳಗೆ ಅದೆಲ್ಲಾ ಯಾಕಪ್ಪಾ?" ಅಂದ್ರು ಅಮ್ಮ. ಹಿಂದಿನ ಬಾಡಿಗೆ ಮನೆ ಓನರು ಇನ್ನೂ ನೇರವಾಗಿ, "ಆ ಕೆಲಸ ಇಲ್ಲಿ ಬೇಡಿ, ಮನೆ ಅಂದ್ಮೇಲೆ ಒಂದು ಮಡಿ ಇರುತ್ತೆ" ಅಂದ್ರು. ಆ ಮಾತು ಕೇಳಿಸಿಕೊಳ್ಳೋವಾಗ ನಾನು ಕೂತಿದ್ದು ಅವರ ಮನೆಯ ಚರ್ಮದ ಸೋಫಾ ಮೇಲೆ! ಮುಗಿದ ವಸ್ತುವಿಗೆ ಮೈಲಿಗೆ ಇಲ್ಲ, ಅದನ್ನು ಮಾಡೋ ಕೈಗೆ ಮಾತ್ರ ಇದೆ. ದೇವರ ಮುಂದೆ ಬಾರಿಸೋ ಮೃದಂಗಕ್ಕೆ ಹಸು, ಎಮ್ಮೆ, ಆಡಿನ ಚರ್ಮ ಬೇಕೇ ಬೇಕು. ಅದನ್ನು ಮಾಡೋರಲ್ಲಿ ಬಹಳಷ್ಟು ಜನ ದಲಿತ ಕ್ರೈಸ್ತರು. ಟಿ. ಎಂ. ಕೃಷ್ಣ ಅವರ ಬಗ್ಗೆ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಒಂದು ಇಡೀ ಪುಸ್ತಕವನ್ನೇ ಬರೆದ್ರು. ಅಲ್ಲೀವರೆಗೆ ಮೃದಂಗ ಕೇಳಿ ತಲೆದೂಗಿದ ನಮ್ಮಲ್ಲಿ ಎಷ್ಟು ಜನ ಅದನ್ನು ಮಾಡಿದವರ ಹೆಸರು ಕೇಳಿದ್ದೆವು ಹೇಳಿ.

ಅಮ್ಮನಿಗೆ ನಾನು ಮೃದಂಗದ ಉದಾಹರಣೆಯನ್ನೇ ಕೊಟ್ಟೆ. ಉತ್ತರ ಬರಲಿಲ್ಲ. ಒಂದು ವಾರ ಬಿಟ್ಟು ಅವರ ಕನ್ನಡಕಕ್ಕೆ ಒಂದು ಚೀಲ ಮಾಡಿಕೊಟ್ಟೆ, ಈಗ ದಿನಾ ಉಪಯೋಗಿಸ್ತಾರೆ. ಸೂಜಿ ಮೇಲಿರೋ ಕೈ ನೋಡಿದ್ರೆ ಈಗಲೂ ಮುಖ ಸ್ವಲ್ಪ ಬಿಗಿಯಾಗುತ್ತೆ. ಇರಲಿ, ನಿಧಾನಕ್ಕೆ ಆಗುತ್ತೆ.

ಹಾಗೆ ನೋಡಿದ್ರೆ ಮನೇಲಿ ಚರ್ಮದ ಕೆಲಸ ಅನ್ನೋದು ಹೊಸ ಹವ್ಯಾಸವೇ ಅಲ್ಲ. ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡೋ ಕುಟುಂಬಗಳಿಗೆ ಮನೆಯೇ ಕಾರ್ಖಾನೆ. ಹೆಣೆಯೋದು, ಹೊಲಿಯೋದು ಬಹಳಷ್ಟು ಹೆಂಗಸರ ಕೈಯಲ್ಲೇ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ ಅದನ್ನು ಹಂಚಿಕೊಂಡವು. ನಮ್ಮವು ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರ ಜೂನಿನಲ್ಲಿ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅದೇ ಥರದ ಚಪ್ಪಲಿ ಮೆರೆಸಿ, ಇಲ್ಲಿ ಗಲಾಟೆ ಆದಮೇಲೆ ಮೂಲ ಒಪ್ಪಿಕೊಂಡಿತು. ಎಲ್ಲರಿಗೂ ಕೋಪ ಬಂತು, ನನಗೂ ಬಂತು. ಆದ್ರೆ ಮೂಲದವರ ಹೆಸರು ಹೇಳದೆ ಕೆಲಸ ತಗೊಳ್ಳೋದು ಪ್ರಾಡಾ ಒಬ್ಬರ ಚಾಳಿ ಏನಲ್ಲ. ನಮ್ಮಂಥ ಹವ್ಯಾಸಿಗಳೂ "ಹ್ಯಾಂಡ್‌ಮೇಡ್" ಅಂತ ಫೋಟೋ ಹಾಕಿ ಲೈಕು ಎಣಿಸ್ತೀವಿ. ಅದೇ ಹೊಲಿಗೆಯನ್ನು ನಮಗಿಂತ ಬಿಗಿಯಾಗಿ ಹಾಕೋ ಮೂಲೆಯ ಮನುಷ್ಯನ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ.

ನನಗೆ ಉಳಿ ಹಿಡಿಯೋದು ತೋರಿಸಿಕೊಟ್ಟವರು ನಮ್ಮ ರಸ್ತೆಯ ಕೊನೆಯಲ್ಲಿ ಕೂರೋ ಯಜಮಾನರು. ಮೊದಲ ದಿನವೇ ಕೇಳಿದ್ರು, "ನಿಮಗ್ಯಾಕೆ ಸಾರ್ ಈ ಕೆಲ್ಸ? ನನ್ ಮಗ ಇದನ್ ಮುಟ್ಟಬಾರ್ದು ಅಂತ ನಾನು ಓದಿಸ್ತಾ ಇದೀನಿ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಾನು ಬೇಕು ಅಂತ ಕೂರ್ತೀನಿ, ಬೇಡ ಅನ್ನಿಸಿದಾಗ ಪೆಟ್ಟಿಗೆ ಮುಚ್ಚಿ ಎದ್ದು ಹೋಗ್ತೀನಿ. ಅವರಿಗೆ ಆ ಎರಡನೆಯದು ಇರಲಿಲ್ಲ. ಚಾಪೆ ಒಂದೇ ಅಳತೆ ಇದ್ರೂ ಅವರದ್ದೂ ನನ್ನದೂ ಒಂದೇ ಜಾಗ ಅಲ್ಲ.

ಹಾಗಾದ್ರೆ ಈ ಹವ್ಯಾಸ ಬಿಡಬೇಕಾ? ಬೇಡ ಅನ್ನೋದು ನನ್ನ ಅಭಿಪ್ರಾಯ. ಎಲ್ಲ ಜಾತಿಯ ಮನೆಗಳಲ್ಲೂ ಈ ಚಾಪೆ ಹಾಸಿದ್ರೆ ಮೈಲಿಗೆಯ ಮಾತು ಸ್ವಲ್ಪವಾದ್ರೂ ಸವೆಯುತ್ತೆ. ಆದ್ರೆ ಬರೀ ಹಾಸಿದ್ರೆ ಸಾಲದು. ಕಲಿಸಿದವರಿಗೆ ಫೀಸು ಕೊಡಿ, ಗಿಟಾರ್ ಮೇಷ್ಟ್ರಿಗೆ ಕೊಡೋ ಹಾಗೇ. ಕತ್ತಿ ಮಸೆಸೋದು, ಜಿಪ್ ಹಾಕಿಸೋದು ಅವರ ಹತ್ತಿರವೇ ಮಾಡಿಸಿ, ಚೌಕಾಸಿ ಬೇಡ. ಯಾರಿಂದ ಕಲಿತೆ ಅಂತ, ಅವರು ಒಪ್ಪಿದ್ರೆ, ಹೆಸರು ಹಿಡಿದು ಹೇಳಿ. ಮತ್ತೆ ಫುಟ್‌ಪಾತ್ ತೆರವು ಅಂತ ಗಾಡಿ ಬಂದಾಗ ಸುಮ್ಮನಿರಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಸಾಮಾನು ಮಾರೋರಷ್ಟೇ ಅಲ್ಲ, ಬೀದಿಯಲ್ಲಿ ಕೂತು ಜನರಿಗೆ ಸೇವೆ ಕೊಡೋರೂ ಸೇರ್ತಾರೆ. ಚಪ್ಪಲಿ ಹೊಲಿಯೋರಿಗೂ ಅದರ ರಕ್ಷಣೆ ಇದೆ, ಆದ್ರೆ ಅದನ್ನು ಗಟ್ಟಿಯಾಗಿ ಹೇಳೋಕೆ ಪಕ್ಕದಲ್ಲಿ ನಾಲ್ಕು ಜನ ನಿಲ್ಲಬೇಕು.

ಸಲಕರಣೆ ಬಗ್ಗೆ ಒಂದು ಮಾತು ಉಳೀತು. ಬಸವಣ್ಣನವರೇ ಗೌರವದಿಂದ ನೆನೆಯೋ ಮಾದಾರ ಚೆನ್ನಯ್ಯ ತನ್ನ ವಚನಗಳ ಅಂಕಿತದಲ್ಲೇ ಮೂರು ಸಲಕರಣೆ ಸೇರಿಸಿಕೊಂಡಿದ್ದಾರೆ: ಉಳಿ, ಕತ್ತಿ, ಅಡಿಗೂಟ. ಅವುಗಳಿಗೆ ನೀನು ಆಳಾಗಬೇಡ, ನಿನ್ನನ್ನು ನೀನು ಅರಿ ಅನ್ನೋ ಧಾಟಿ ಆ ಅಂಕಿತದ್ದು. ಅವರು ಹೇಳಿದ್ದು ಬಹಳ ದೊಡ್ಡ ಅರ್ಥದಲ್ಲಿ. ನನ್ನಂಥವನಿಗೆ ಸಣ್ಣ ಅರ್ಥದಲ್ಲೂ ಅದು ನಾಟುತ್ತೆ. ಮೂವತ್ತು ಥರದ ಪಂಚು ಕಾರ್ಟಿಗೆ ಹಾಕಿ, ಅವನ್ನಿಡೋಕೆ ಜಾಗ ಇಲ್ಲ ಅಂತ ಕೊರಗೋದ್ಯಾಕೆ? ಚುಚ್ಚೋಕೆ ಒಂದು, ಕತ್ತರಿಸೋಕೆ ಒಂದು, ಕೆಳಗೆ ಆಸರೆಗೆ ಒಂದು. ಮಿಕ್ಕಿದ್ದು ಕೈ ಪಳಗಿದ ಮೇಲೆ ನೋಡೋಣ.

ನಿಮ್ಮ ಮನೇಲೂ ಒಂದು ಚಾಪೆಯಷ್ಟು ಜಾಗ ಖಂಡಿತ ಇರುತ್ತೆ. ಹಾಸಿದ್ರೆ ಮನೆಯವರು ಏನಂತಾರೆ? ಅವರಂದದ್ದಕ್ಕೆ ನೀವೇನಂದ್ರಿ? ಅದನ್ನೊಂದು ಬರೀರಿ, ಓದೋಕೆ ಕಾಯ್ತಿರ್ತೀನಿ :-)