ಬೆಟ್ಟಕ್ಕೆ ಮುನ್ನೂರು, ಬಡಾವಣೆಗೆ ಬೀಗ

2024ರ ಜನವರಿ. ಗಣರಾಜ್ಯೋತ್ಸವದ ರಜೆಗೆ ವಾರಾಂತ್ಯವೂ ಅಂಟಿಕೊಂಡಿತ್ತು. ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ವಿಡಿಯೊ ನೋಡಿದವರಿಗೆ ಅದು ಚಾರಣವೋ, ಕುಕ್ಕೆಯ ಷಷ್ಠಿ ಜಾತ್ರೆಯೋ ಗೊತ್ತಾಗುವಂತಿರಲಿಲ್ಲ. ಆನ್‌ಲೈನ್ ಬುಕಿಂಗ್ ಇಲ್ಲದ ದಾರಿಗಳಲ್ಲಿ ಚಾರಣವನ್ನು ಅರಣ್ಯ ಸಚಿವ ಈಶ್ವರ ಖಂಡ್ರೆ ತಾತ್ಕಾಲಿಕವಾಗಿ ನಿಲ್ಲಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು. ಜೊತೆಗೆ ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯೂ. ಬೆಂಗಳೂರಿನ ಚಾರಣಪ್ರಿಯರ ಗೊಣಗಾಟ ಅಂದಿನಿಂದ ನಿಂತಿಲ್ಲ. ಕಾಡೇನು ಇಲಾಖೆಯವರ ಅಪ್ಪನ ಆಸ್ತಿಯೇ? ಬೆಟ್ಟ ಹತ್ತುವುದಕ್ಕೂ ಟಿಕೆಟ್ಟೇ?

ನಾನು ಮಿತಿಯ ಪರ. ಕುಮಾರ ಪರ್ವತ ಪುಷ್ಪಗಿರಿ ವನ್ಯಧಾಮದ ಭಾಗ, 1,712 ಮೀಟರ್ ಎತ್ತರ. ಶೋಲೆ ಕಾಡು ದಾಟಿದರೆ ಮೇಲೆಲ್ಲ ಹುಲ್ಲುಗಾವಲು. ಹುಲ್ಲಿನ ಮೇಲೆ ಒಂದೇ ಸಾಲಿನಲ್ಲಿ ಸಾವಿರ ಬೂಟು ಹಾದರೆ ಮಣ್ಣು ಸಡಿಲವಾಗುತ್ತದೆ. ಮುಂಗಾರಿನ ನೀರು ಅದೇ ಗೀಟು ಹಿಡಿದು ಹರಿಯುತ್ತದೆ, ಕಾಲುದಾರಿ ಕೊರಕಲಾಗುತ್ತದೆ. ಕೊರಕಲು ಬಿಟ್ಟು ಪಕ್ಕದ ಹುಲ್ಲು ತುಳಿಯುವವರು ಇನ್ನೊಂದು ದಾರಿ ಹುಟ್ಟಿಸುತ್ತಾರೆ. ಇದನ್ನು ತಡೆಯುವ ಲೆಕ್ಕವನ್ನು ಜನರ ಮೇಲಿನ ಜುಲುಮೆ ಎನ್ನುವುದು ಅನ್ಯಾಯ.

ಗೊಣಗುವವರಲ್ಲಿ ಅತಿ ಜೋರಾಗಿ ಕೂಗುವವರು ನಡೆಯುವವರಲ್ಲ, ನಡೆಸುವವರು. ಶುಕ್ರವಾರ ರಾತ್ರಿ ಟೆಂಪೊ ಟ್ರಾವೆಲರ್, ಶನಿವಾರ ಶಿಖರ, ಸೋಮವಾರ ಬೆಳಿಗ್ಗೆ ಆಫೀಸು: ಇದು ಪ್ಯಾಕೇಜ್. ಮಾರುವವರಿಗೆ ಬೆಟ್ಟ ಎಂದರೆ ಸೀಟು. ಚಿಕ್ಕಬಳ್ಳಾಪುರದ ಬಳಿಯ ಕಳವಾರದುರ್ಗ ‘ಸ್ಕಂದಗಿರಿ’ ಎಂಬ ಹೆಸರಲ್ಲೇ ಬಿಕರಿಯಾಗುತ್ತಿದೆ. ಬುಡದಲ್ಲಿರುವ ಊರು ಕಳವಾರಹಳ್ಳಿ ಎಂಬುದು ತುದಿಗೆ ಹೋಗಿ ಮೋಡದ ಫೋಟೊ ಹಿಡಿದು ಬಂದ ಎಷ್ಟು ಜನರಿಗೆ ಗೊತ್ತು?

ಆದರೆ ಸರ್ಕಾರವನ್ನೂ ಸುಮ್ಮನೆ ಬಿಡಲಾಗದು. ಒಂದು ದಿನ ಕೈಕಾಲು ಆಡಿಸಲು ಬೆಂಗಳೂರಿನವರು ಸುಬ್ರಹ್ಮಣ್ಯದವರೆಗೆ ರಾತ್ರಿಯಿಡೀ ಮುದುಡಿ ಕೂತು ಹೋಗುವುದೇಕೆ? ಮನೆಯ ಹತ್ತಿರ ಏನೂ ಉಳಿದಿಲ್ಲ ಎಂದೇ ಅಲ್ಲವೇ. ಪಾರ್ಕಿನ ಬಾಗಿಲಲ್ಲೇ ‘ಆಟ ಆಡಬಾರದು’ ಎಂಬ ಬೋರ್ಡು. ಆಡುವ ಮಕ್ಕಳನ್ನು ಅಟ್ಟಲು ಕಾವಲುಗಾರ, ಮೈದಾನದಲ್ಲಿ ಶಾಮಿಯಾನ. ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳನ್ನು ಕಾಪಾಡಲೆಂದೇ 1985ರಲ್ಲಿ ರಾಜ್ಯ ಕಾಯ್ದೆ ಮಾಡಿದೆ. ಕಾಯ್ದೆ ಕಪಾಟಿನಲ್ಲಿ ಸುಖವಾಗಿದೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಸೈಕಲ್ಲಿಗೆಂದು ಪ್ರತ್ಯೇಕ ಪಥ ಮಾಡಿ, ಕಂಬ ನೆಟ್ಟಿದ್ದರು. ಕಂಬ ಎಲ್ಲಿ, ಪಥ ಎಲ್ಲಿ?

ಇನ್ನು ಕನಕಪುರ ರಸ್ತೆ ಕಡೆಯ ತುರಹಳ್ಳಿ ಕಾಡು. ಐನೂರು ಎಕರೆಗೂ ಹೆಚ್ಚಿನ ಈ ಕಾಡಿನಲ್ಲಿ ಸೈಕಲ್ ತುಳಿಯುವವರು, ಬಂಡೆ ಹತ್ತುವವರು, ಬೆಳಗಿನ ವಾಕಿಂಗ್‌ಗೆ ಬರುವ ಅಜ್ಜಂದಿರು ಎಲ್ಲರೂ ಸೇರುತ್ತಾರೆ. 2021ರಲ್ಲಿ ಇಲ್ಲಿ ‘ಟ್ರೀ ಪಾರ್ಕ್’ ಮಾಡುತ್ತೇವೆ ಎಂದಿತು ಸರ್ಕಾರ. ಕಾಡಿನೊಳಗೆ ಪಾರ್ಕ್! ಅವತ್ತು ಬೀದಿಗಿಳಿದವರು ಸುತ್ತಮುತ್ತಲಿನ ನಿವಾಸಿಗಳು, ಸೈಕಲ್‌ನವರು. ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕುಮಾರ ಪರ್ವತದ ಟಿಕೆಟ್ ಸಿಗಲಿಲ್ಲ ಎಂದು ಈಗ ಕಿರುಚುವವರಲ್ಲಿ ಎಷ್ಟು ಮಂದಿ ಅಲ್ಲಿ ನಿಂತಿದ್ದರು ಎಂದು ಕೇಳಬೇಕೆನಿಸುತ್ತದೆ. ಕೇಳಿದರೆ ಜಗಳವಾಗುತ್ತದೆ, ಆಗಲಿ.

ಮಿತಿ ಹಾಕಿದ ಸರ್ಕಾರಕ್ಕೆ ಇನ್ನೊಂದು ಕೆಲಸ ಬಾಕಿಯಿದೆ. ವಾರ್ಡಿಗೊಂದು ಮೈದಾನ, ಅದಕ್ಕೆ ದಿನವಿಡೀ ತೆರೆದ ಬಾಗಿಲು, ಸೈಕಲ್ಲಿಗೆ ಬೇರೆ ಪಥ, ಕೆರೆಯ ಏರಿಯ ಮೇಲೆ ನಡೆಯಲು ಜಾಗ. ಅದಿಲ್ಲದೆ 300 ಎಂದರೆ, ಉಳಿದ ಸಾವಿರಾರು ಜನ ಮುಂದಿನ ರಜೆಗೆ ಮಿತಿ ಇಲ್ಲದ ಬೇರೆ ಗುಡ್ಡ ಹುಡುಕುತ್ತಾರೆ. ಅಲ್ಲಿಯೂ ಹುಲ್ಲು ಸವೆಯುತ್ತದೆ, ಕೊರಕಲು ಬೀಳುತ್ತದೆ.

ನಮ್ಮ ಬಡಾವಣೆಯ ಮೈದಾನಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಬೀಗ ಬೀಳುತ್ತದೆ. ಹುಡುಗರು ಕಾಂಪೌಂಡ್ ಹಾರಿ ಒಳಗಿಳಿಯುತ್ತಾರೆ. ಮೊನ್ನೆ ಒಬ್ಬನ ಪ್ಯಾಂಟು ಹರಿಯಿತು. ಬೀಗದ ಕೈ ಯಾರ ಬಳಿ ಇದೆ ಎಂದು ಎರಡು ವರ್ಷದಿಂದ ವಿಚಾರಿಸುತ್ತಿದ್ದೇವೆ.